ಹಾಲೆರೆದ ನಾಣ್ಯ

ಗೋಡೆಗೊರಗಿಸಿ ಕೂಡಿಸಿದ್ದ ಗಂಡನ ಹಣೆಗೆ ಶರಣಬಸಮ್ಮ ಮೂರನೆಯ ವಿಭೂತಿಗೆರೆ ಎಳೆಯುತ್ತಿದ್ದಾಗ, ಅಯ್ಯನವರು ಹಣೆಗಿಡಲು ನಾಣ್ಯ ಕೇಳಿದರು. ಬೆಳಗ್ಗೆ ಪೂಜೆಗೆ ಕೂತಲ್ಲೇ ಮಹಾದೇವಪ್ಪನ ಉಸಿರು ನಿಂತಿತ್ತು. ಮಧ್ಯಾಹ್ನದೊಳಗೆ ಶಹಾಡದ ಕಾರ್ಖಾನೆಯ ಹಳೆಯ ಜತೆಗಾರರೆಲ್ಲ ಕೋಪರಿಯ ಚಾಳಿನ ಮುಂದೆ ನೆರೆದಿದ್ದರು.

ಮಗ ವಿಠಲ ಒಂದು ರೂಪಾಯಿ ತೆಗೆದು ತಾಯಿಗೆ ತೋರಿಸಿದ. "ಯೇ ಚಲೇಗಾ ನಾ, ಆಯಿ?"

"ಬ್ಯಾಡ. ಅವರು ಕೂಡಿಟ್ಟ ಜಪಾನದ ನಾಣ್ಯ ಇಡೋಣು."

ಟ್ರಂಕಿನಿಂದ ಡಬ್ಬಿ ಬಂತು. ಕಲ್ಯಾಣದ ಪೇಟೆಯಲ್ಲಿ ಬೆಳ್ಳಿ ಕರಗಿಸುವವರ ಒಲೆಗೆ ಬೀಳುವ ಮೊದಲೇ ಮಹಾದೇವಪ್ಪ ಒಂದೊಂದಾಗಿ ಬಿಡಿಸಿ ತಂದ ಎಂಟು ದೊಡ್ಡ ನಾಣ್ಯಗಳು, ಎಲ್ಲವೂ ಹೊಗೆಗಪ್ಪು. ಇಷ್ಟು ಕಪ್ಪನ್ನು ಹಣೆಗೆ ಹೇಗಿಡುವುದು? ಅವಳ ಬೆರಳು ತಿಕ್ಕಲೆಂದು ವಿಭೂತಿಯತ್ತ ಹೋಗಿ, ಅಲ್ಲೇ ನಿಂತಿತು.

*

ಇಪ್ಪತ್ತು ವರ್ಷದ ಹಿಂದೆ, ನಾಗರಪಂಚಮಿ. ಕೋಪರಿಯಲ್ಲಿ ಹುತ್ತ ಎಲ್ಲಿಂದ ಬರಬೇಕು? ಗಂಡ ಪಾಳಿಗೆ ಹೋದಾಗ ಅವಳು ಸುರುಳಿ ನಾಗನಿದ್ದ ನಾಣ್ಯವೊಂದನ್ನು ವಿಭೂತಿ ಹಾಕಿ ಫಳಫಳ ತಿಕ್ಕಿ, ಮಣೆಯ ಮೇಲಿಟ್ಟು ಹಾಲೆರೆದಳು. ಸಂಜೆ ಬಂದವನು ನೋಡಿ ಅದನ್ನು ಕೈಗೆತ್ತಿಕೊಂಡ.

"ಇದು ನಾಗಪ್ಪ ಅಲ್ಲ, ಜಪಾನದವರ ಡ್ರ್ಯಾಗನ್. ಕಾಲು ನೋಡು, ಉಗುರು ನೋಡು."

"ಕಾಲಿದ್ರೇನು, ಹಾಲು ಒಲ್ಲೆ ಅನಲಿಲ್ಲ."

ಅವನು ನಗಲಿಲ್ಲ. ಆ ಕಪ್ಪು ಕೊಳೆಯಲ್ಲ, ನೂರು ವರ್ಷ ಕೈಯಿಂದ ಕೈಗೆ ದಾಟಿ ಬಂದ ಗುರುತು. ತಿಕ್ಕಿದರೆ ಬರೀ ಬೆಳ್ಳಿ ಉಳಿಯುತ್ತದೆ ಎಂದ. ಮರುದಿನದಿಂದ ಆ ನಾಣ್ಯ ಡಬ್ಬಿಯಲ್ಲಿರಲಿಲ್ಲ. ಕರಗಿಸುವವರ ಒಲೆಗೇ ಕೊಟ್ಟಿರಬೇಕು ಎಂದುಕೊಂಡಳು. ಕೇಳುವ ಧೈರ್ಯ ಎಂದೂ ಬರಲಿಲ್ಲ.

*

"ಅಕ್ಕಾ, ಈ ಎಂಟರಲ್ಲಿ ಯಾವುದೂ ಬೇಡ." ಮಾತಾಡಿದವನು ಡೊಂಬಿವಲಿಯ ಸರ್ವೋತ್ತಮ, ಭಾನುವಾರಗಳಲ್ಲಿ ಮಹಾದೇವಪ್ಪನ ಜೊತೆ ಹಳೆಯ ನಾಣ್ಯ ಹುಡುಕುತ್ತಿದ್ದವನು. "ಅವರ ಅಂಗಿ ಕಿಸೆ ನೋಡಿ. ಅಲ್ಲಿರೋ ನಾಣ್ಯ ನನಗೆ ಕೊಡಿ ಅಂತ ಎಷ್ಟು ಸಲ ಕೇಳಿದ್ದೆ ಮಾರಾಯ್ರೆ. ನನ್ನ ಹೆಂಡತಿ ಹಾಲೆರೆದದ್ದು, ಇನ್ನು ಅದು ನಾಣ್ಯ ಅಲ್ಲ, ದೇವರು ಅಂತಿದ್ರು."

ಮೊಳೆಗೆ ತೂಗುತ್ತಿದ್ದ ಅಂಗಿಯಲ್ಲಿ ಅದಿತ್ತು. ಅಂಚೆಲ್ಲ ಮತ್ತೆ ಕಪ್ಪಾಗಿತ್ತು. ನಾಗನ ತಲೆಯ ಮೇಲೆ ಮಾತ್ರ ಒಂದು ಹೆಬ್ಬೆರಳಿನಗಲ ಬೆಳ್ಳಗೆ ಸವೆದಿತ್ತು, ದಿನವೂ ಮುಟ್ಟಿ ನಮಸ್ಕರಿಸಿದ ಹೊಸ್ತಿಲಿನ ಹಾಗೆ.

ಶರಣಬಸಮ್ಮ ಸೆರಗು ತಲೆಗೆಳೆದುಕೊಂಡಳು. ತನ್ನ ಹೆಬ್ಬೆರಳನ್ನು ಆ ಸವೆದ ಜಾಗದಲ್ಲಿಟ್ಟಳು. ತಿಕ್ಕಲಿಲ್ಲ. ಕಣ್ಣಿಗೊತ್ತಿಕೊಂಡು, ಗಂಡನ ತಲೆವಸ್ತ್ರದ ಅಂಚಿಗೆ ಸಿಕ್ಕಿಸಿ ಹಣೆಗಿಟ್ಟಳು. ಪೂಜೆಯ ಬಟ್ಟಲಲ್ಲಿ ಬೆಳಗಿನ ಹಾಲು ಇನ್ನೂ ಇತ್ತು. ಬೆರಳದ್ದಿ ನಾಗನ ತಲೆಗೆ ಒಂದು ಹನಿ ಬಿಟ್ಟಳು. ಹನಿ ಬೆಳ್ಳಿಯಿಂದಿಳಿದು ಮೂರು ವಿಭೂತಿಗೆರೆಗಳನ್ನು ದಾಟತೊಡಗಿತು.

"ಶಿವನೇ, ಈ ಜೀವ ನಿನ್ನ ಪಾದದಾಗ ತಣ್ಣಗಿರಲಿ."