ಸಿಂಬಿ ಇಲ್ಲದ ಕೊಡ

ಹಿಡಿಕೆಗಳೆಲ್ಲ ಒಟ್ಟಿಗೇ ಎಡಕ್ಕೆ ವಾಲಿದವು, ಒಟ್ಟಿಗೇ ಬಲಕ್ಕೆ, ಲೋಕಲ್ ರೈಲು ದಾದರ್ ಬಿಟ್ಟಿತು, ವಂದನಾಳ ಬೆನ್ನಿಗೆ ಯಾರದೋ ಚೀಲದ ಮೂಲೆ ಚುಚ್ಚುತ್ತಿದೆ, ಎರಡನೆಯ ಹನಿ ಹಾಕಿದಳೋ ಇಲ್ಲವೋ, ಅದೊಂದು ನೆನಪಾದರೆ ಸಾಕು, ಹಾಕಿಲ್ಲವೆಂದು ನೆನಪಾದರೆ ಇನ್ನೂ ಒಳ್ಳೆಯದು, ಹನ್ನೊಂದು ವರ್ಷ ಲ್ಯಾಬಿನಲ್ಲಿ ಒಂದು ಹನಿಯನ್ನೂ ಮರೆಯದವಳು ಇವತ್ತೊಂದು ದಿನ ಮರೆತಿರಲಿ ದೇವರೇ — ಮೊದಲ ಹನಿ ಕರುಳಿನ ಜೀವಕೋಶದೊಳಗೆ ಕೆರಟಿನ್ ಎಳೆಗಳನ್ನು ಹುಡುಕಿ ಹಿಡಿಯುತ್ತದೆ, ಎರಡನೆಯದು ಅವಕ್ಕೆ ಹಸಿರು ಬೆಳಕು ಹಚ್ಚುತ್ತದೆ, ಎರಡನೆಯದು ಮರೆತರೆ ಎಳೆಗಳಿದ್ದರೂ ಕತ್ತಲೆ, ಮರೆಯದೆಯೂ ಕತ್ತಲೆಯಾದರೆ ಎಳೆಗಳೇ ಇಲ್ಲ, ಕೋಶವೇ ಕೆಟ್ಟಿದೆ, ಮಧ್ಯಾಹ್ನ ಅವ್ವನ ಕರುಳಿನ ತುಣುಕಿನಲ್ಲಿ ಕಂಡಂಥ ಕತ್ತಲೆ, ಅದರಲ್ಲಿ ನೀಲಿ ಕೋಶಕೇಂದ್ರಗಳು ಮಾತ್ರ, ದುಂಡಗೆ ಸಾಲಾಗಿ ಕೂರಬೇಕಾದವು ಚಪ್ಪಟೆಯಾಗಿ, ಮೂಲೆಗೆ ಜಾರಿ — ಇಲ್ಲ, ಕೊಯ್ಯುವಾಗ ಅಲಗು ಒತ್ತಿರಬೇಕು, ಒತ್ತುತ್ತದೆ ಒಮ್ಮೊಮ್ಮೆ, ಆಸ್ಪತ್ರೆಯ ವರದಿ ಬರುವುದು ಸೋಮವಾರ, ಅಲ್ಲಿಯವರೆಗೆ ಸುಮ್ಮನಿರದೆ ಒಂದು ತುಣುಕು ಬೇಡಿ ತಂದವಳು ತಾನೇ. ಅಂಧೇರಿ ಉತರಣಾರ ಕಾ? ಇಲ್ಲ ತಾಯಿ, ನಾನು ಇಳಿಯುವುದು ಬೊರಿವಲಿ. ಫೋನ್ ನಡುಗುತ್ತದೆ, ಅವ್ವ, ನೋಡಿದೇನ ನನ್ನ ಕರುಳು, ನಿಮ್ಮಪ್ಪನ ಸಿಟ್ಟೆಲ್ಲಾ ನಾನೇ ನುಂಗೇನಿ, ಅಲ್ಲೇ ಎಲ್ಲ್ಯರೆ ಸಿಕ್ಕಿರಬೇಕು ನೋಡ, ನಗು, ನಗುವಿನ ತುದಿಗೆ ಕೆಮ್ಮು, ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದ ಅವ್ವನ ಕೆಮ್ಮು, ಎಲ್ಲಾ ಸರಿ ಅದ ಅವ್ವಾ — ಹೇಳಿಯೇಬಿಟ್ಟಳು — ಹಂಗಾದ್ರ ಬರ್ತಾ ಮೆಂತೆಸೊಪ್ಪು ತಗೊಂಡ ಬಾ, ಎಳೀದು ನೋಡಿ ತಗೋ, ಮೊನ್ನೆ ತಂದದ್ದು ಎಮ್ಮಿನೂ ತಿಂತಿರಲಿಲ್ಲ.

ಗೋರೆಗಾಂವ, ಮಲಾಡ, ಈ ಎಳೆಗಳು ಏನ್ ಮಾಡ್ತಾವ ಎಂದು ಅವ್ವ ಕೇಳಿದ್ದಳು ಒಮ್ಮೆ, ಕೋಶಕೇಂದ್ರದ ಸುತ್ತ ಹೆಣೆದುಕೊಂಡು ಅದನ್ನ ಜಾಗಾದಾಗ ಹಿಡೀತಾವ, ಕರುಳು ದಿನವಿಡೀ ಹಿಂಡಿದರೂ ಅದು ಅಲುಗಬಾರದಲ್ಲ, ಓ, ಕೊಡಕ್ಕ ಸಿಂಬಿ ಇದ್ಹಾಂಗ ಅನ್ನು, ಇಷ್ಟಕ್ಕ ಹನ್ನೊಂದು ವರ್ಷ ಬೇಕಾತೇನ ನಿನಗ — ಸಿಂಬಿ, ಚಾಳಿನ ಕೆಳಗಿನ ನಲ್ಲಿಯಿಂದ ಮೂರನೇ ಮಾಳಿಗೆಗೆ ತಲೆಯ ಮೇಲೆ ತಾಮ್ರದ ಕೊಡ, ಕೊಡ ವಾಲದಂತೆ ಅದರಡಿಗೆ ಹಳೆಯ ಸೀರೆ ಸುತ್ತಿದ ಸಿಂಬಿ, ಆರು ವರ್ಷದ ವಂದನಾ ಅದನ್ನು ಬಿಚ್ಚಿ ಗೊಂಬೆಗೆ ಹಾಸಿಗೆ ಮಾಡಿದ್ದಳು, ಅವ್ವ ಅವತ್ತು ಬರೀ ತಲೆಯ ಮೇಲೇ ಹೊತ್ತು ಬಂದಳು, ಎರಡನೇ ಮಾಳಿಗೆಯ ತಿರುವಿನಲ್ಲಿ — ಬೇಡ, ಲ್ಯಾಬು ನೆನೆ, ಕೈ ನೆನೆ, ಗಾಜಿನ ಪಟ್ಟಿ, ಎಡಕ್ಕೆ ಇಲಿಯ ಕರುಳು, ಬಲಕ್ಕೆ ಅವ್ವನದು, ಯಾವಾಗಲೂ ಜೊತೆಗೊಂದು ಆರೋಗ್ಯವಂತ ತುಣುಕು, ಅದು ಅವಳದೇ ಶಿಸ್ತು, ಎರಡಕ್ಕೂ ಸೇರಿ ಒಂದೇ ಹನಿ, ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು, ಗುಂಡಿ ತಿರುಗಿಸಿದಳು, ಮಸುಕು ಸರಿಯಿತು, ಮೊದಲು ಇಲಿಯದು, ಫೋಕಸ್ ಸಿಗುವುದೇ ಅದರ ಹಸಿರು ಬಲೆಯ ಮೇಲೆ, ಸಿಕ್ಕಿತ್ತು, ಹಸಿರಾಗಿ, ಪ್ರತಿ ಎಳೆಯೂ.

ಹನಿ ಬಿದ್ದಿತ್ತು.

ಕಾಂದಿವಲಿ, ಯಾರೋ ತಳ್ಳುತ್ತಾರೆ, ಎಳೆಯ ಮೆಂತೆಸೊಪ್ಪು, ಎರಡನೇ ಮಾಳಿಗೆಯ ತಿರುವು, ಅವ್ವನ ಬರೀ ತಲೆ, ಎರಡೂ ಕೈ ಮೇಲೆ, ಕೊಡ ವಾಲುತ್ತದೆ, ತಾಮ್ರದ ಕೊಡ, ವಾಲುತ್ತದೆ