ಗಿರಣಿಯೊಳಗಿನ ಮೌನಕ್ಕೆ ಇಪ್ಪತ್ತೆಂಟು ಸಾವಿರ

ದೇವದುರ್ಗದಲ್ಲಿ ಆದೆಮ್ಮನ ಹಿಟ್ಟಿನ ಗಿರಣಿಗೆ ಮೂರು ದಿನದಿಂದ ಒಬ್ಬ ಮಹಾರಾಣಿ ಬಂದು ಕೂತಿದ್ದಳು. ಬೇರೆ ಯಾರೂ ಅಲ್ಲ, ಆದೆಮ್ಮನ ಮಗಳು ಸವಿತಾ. ಕಿರೀಟದ ಜಾಗದಲ್ಲಿ ಕಪ್ಪು ಹೆಡ್‌ಫೋನು. ಅದರ ಮೇಲೆ ಹಿಟ್ಟಿನ ಧೂಳು ಕೂರದಂತೆ ದುಪಟ್ಟಾ ಸುತ್ತಿಕೊಂಡು, ಸೀಮೆಎಣ್ಣೆ ಡಬ್ಬಿಯ ಸಿಂಹಾಸನದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತರೆ, ಹಿನ್ನೆಲೆ ಸಂಗೀತ ಒಂದು ಬಾಕಿ.

ಎರಡು ವರ್ಷ ಊರವರ ಸೀರೆಗೆಲ್ಲ ಫಾಲ್ ಹೊಲಿದು ಕೂಡಿಟ್ಟ ದುಡ್ಡಿನಲ್ಲಿ, ರಾಯಚೂರಿನ ತೀನ್ ಕಂದಿಲ್ ವೃತ್ತದ ಹತ್ತಿರ ಸೈಫುದ್ದೀನ್ ಭಾಯಿಯ ಅಂಗಡಿಯಲ್ಲಿ ಅವಳು ಅದನ್ನು ಕೊಂಡಿದ್ದಳು. ಇಪ್ಪತ್ತೆಂಟು ಸಾವಿರ.

"ಮೂರು ಆಡು ಬರತಾವಲ್ಲ ಅದಕ್ಕ," ಎಂದಿದ್ದಳು ಆದೆಮ್ಮ.

"ಆಡು ಕೊಳಲು ಊದತಾವೇನವ್ವಾ?"

ಮಾನ್ವಿಯಿಂದ ಸೋದರಮಾವನ ಮಗ ಸುಭಾಷ್ ಬೇರೆ ಫೋನ್ ಮಾಡಿ ಗಾಯಕ್ಕೆ ಉಪ್ಪು ಸವರಿದ್ದ. "ನಂದು ಸಾವಿರದ ಇನ್ನೂರಿಂದು. ನಂದ್ರಾಗೂ ಹಾಡು ಬರತದ, ನಿಂದ್ರಾಗೂ ಹಾಡು ಬರತದ. ಉಳದ ರೊಕ್ಕ ಡಬ್ಬಿಗೇನು?"

"ಲೇ ಸುಭಾಷ್, ಹಾಡು ಕೇಳಾಕ ನಿಂದು ಸಾಕು," ಎಂದಿದ್ದಳು ಸವಿತಾ, ಮಾತಿನ ನಡುವೆ ಎರಡು ಸೆಕೆಂಡ್ ಗ್ಯಾಪ್ ಕೊಟ್ಟು. "ಹಾಡು ಸುಮ್ಮನಾದಾಗ ಏನಾಗತದ, ಅದನ್ನ ಕೇಳಾಕ ಇದು ಬೇಕು. ಈಗ ನೀನು ತಲಿ ತಗ್ಗಿಸಿ ಹಿಂದಕ್ಕ ನಡೀ. ಕ್ಯಾಮೆರಾ ನನ್ನ ಮ್ಯಾಗ ಅದ."

ಆದರೆ ಸೈಫುದ್ದೀನ್ ಭಾಯಿ ಒಂದು ಮಾತು ಹೇಳಿ ಕಳಿಸಿದ್ದ. ಮನಸ್ಸಿಗೆ ಬರದಿದ್ದರೆ ಮೂರು ದಿನದೊಳಗೆ ಡಬ್ಬಿ ಸಮೇತ ತಂದರೆ ಪೂರ್ತಿ ದುಡ್ಡು ವಾಪಸ್. ಅದೇ ಮಾತನ್ನು ಆದೆಮ್ಮ ಗಟ್ಟಿಯಾಗಿ ಹಿಡಿದಳು. ಇವತ್ತು ಮೂರನೇ ದಿನ. ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆಯುವಾಗಲೇ ತೀರ್ಪು ಹೊರಬಿದ್ದಿತ್ತು.

"ಅದನ್ನ ಹಾಕ್ಕೊಂಡಽ ಗಿರಣಿ ನಡಸು. ಕೆಲಸ ಕೆಡಲಿಲ್ಲಂದ್ರ ಇಟ್ಕೋ. ಕೆಟ್ಟರ ನಾಕರ ಬಸ್ಸಿಗೆ ರಾಯಚೂರಿಗೆ ಹೋಗಿ ಕೊಟ್ಟು ಬಾ."

"ಒಪ್ಪಿಗೆ," ಎಂದಳು ಸವಿತಾ, ಹಣೆಗೆ ಎರಡು ಬೆರಳು ತಾಗಿಸಿ.

ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರ. ಎರಡು ಗಂಟೆಗೆ ಓಣಿಯ ಲತೀಫಾ ಅಜ್ಜಿ ಜೋಳದ ಬುಟ್ಟಿ ಹೊತ್ತು ಬಂದಳು. ಸವಿತಾ ಜೋಳವನ್ನು ಮೇಲಿನ ತಗಡಿನ ಪೆಟ್ಟಿಗೆಗೆ ಸುರಿದು, ಸ್ವಿಚ್ ಒತ್ತಿ, ಕೊಳಲಿನ ಒಂದು ರಾಗ ಹಚ್ಚಿದಳು. ಗಿರಣಿ ನಡೆಯುವಾಗ ಅಲ್ಲಿಯವರೆಗೆ ಮುಟ್ಟದಿದ್ದ, ಹೊರಗಿನ ಸದ್ದು ಅಳಿಸುವ ಕಿವಿಯ ಬಳಿಯ ಗುಂಡಿಯನ್ನು ಒಮ್ಮೆ ಅದುಮಿದಳು.

ಗಿರಣಿ ಮಾಯವಾಯಿತು.

ಮೋಟಾರಿನ ಪಟ್ಟಾ ತಿರುಗುತ್ತಿತ್ತು, ಕಲ್ಲು ತಿರುಗುತ್ತಿತ್ತು, ಗೋಡೆಯ ಕ್ಯಾಲೆಂಡರ್ ಎಂದಿನಂತೆ ನಡುಗುತ್ತಿತ್ತು. ಸದ್ದು ಮಾತ್ರ ಯಾರೋ ಮಡಚಿ ಟ್ರಂಕಿನಲ್ಲಿಟ್ಟ ಹಾಗೆ ಇಲ್ಲವಾಗಿತ್ತು. ಕಿಟಕಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಹಿಟ್ಟಿನ ಧೂಳು ಏಳುತ್ತಾ, ಕ್ಷಣ ನಿಲ್ಲುತ್ತಾ, ಮತ್ತೆ ಇಳಿಯುತ್ತಾ ಇತ್ತು, ಕೃಷ್ಣಾ ನದಿಯ ತಳದಲ್ಲಿ ಕಣ್ಣು ಬಿಟ್ಟರೆ ಮರಳು ತೇಲುವಂತೆ. ಕೊಳಲಿನವನು ಒಂದು ಸ್ವರ ಮುಗಿಸಿದ. ಮುಂದಿನದಕ್ಕೆ ಮುಂಚೆ ಅವನು ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ಸಣ್ಣ, ಒದ್ದೆಯಾದ, ಅವಸರದ ಉಸಿರು. ಎಲ್ಲೋ ಯಾವುದೋ ಕೋಣೆಯಲ್ಲಿ ಕೂತ, ಅವಳು ಎಂದೂ ನೋಡದ ಮನುಷ್ಯ, ಅವಳ ಭುಜದ ಪಕ್ಕದಲ್ಲೇ ಉಸಿರಾಡಿದ. ಹುಟ್ಟಿದಾಗಿನಿಂದ ಈ ಗಿರಣಿಯಲ್ಲಿ ಬೆಳೆದವಳಿಗೆ ಇಲ್ಲಿ ಒಬ್ಬರ ಉಸಿರು ಕೇಳಬಹುದು ಎಂದು ಕನಸೂ ಬಿದ್ದಿರಲಿಲ್ಲ.

ಧೂಳಿನಾಚೆ ಲತೀಫಾ ಅಜ್ಜಿ ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದಳು. ಎಷ್ಟು ಚಂದ ಬೀಸುತ್ತಾಳೆ ಅನ್ನಿಸಿತು. ಸವಿತಾ ಕೂತಲ್ಲಿಂದಲೇ, ಜನಸಾಗರಕ್ಕೆ ಕೈಬೀಸುವ ನಾಯಕಿಯ ಹಾಗೆ, ನಿಧಾನವಾಗಿ ತಿರುಗಿ ಕೈ ಬೀಸಿದಳು.

ಆಮೇಲೆ ಮೂಗಿಗೆ ಸುಟ್ಟ ವಾಸನೆ ಬಡಿಯಿತು.

ಹಿಂದಿನ ಬಾಗಿಲಿಂದ ಆದೆಮ್ಮ ನುಗ್ಗಿ ಬಂದು ಸ್ವಿಚ್ ಆರಿಸಿದಳು. ಪಟ್ಟಾ ನಿಂತಿತು. ತಗಡಿನ ಪೆಟ್ಟಿಗೆಯಲ್ಲಿ ಒಂದು ಕಾಳೂ ಉಳಿದಿರಲಿಲ್ಲ. ಜೋಳ ತೀರಿದ ಮೇಲೆ ಬರಿಗಲ್ಲಿಗೆ ಬರಿಗಲ್ಲು ತಿಕ್ಕಿತ್ತು. ಕಾಳು ಕಡಿಮೆಯಾದಾಗ ಗಿರಣಿಯ ದನಿ ತೆಳುವಾಗುತ್ತದೆ, ಆಗ ಮುಂದಿನವರದ್ದನ್ನು ಸುರಿಯಬೇಕು, ಇಲ್ಲವೇ ಆರಿಸಬೇಕು. ಸವಿತಾ ಏಳು ವರ್ಷದವಳಿದ್ದಾಗಲೇ ಕಲಿತ ಪಾಠ. ದನಿಯನ್ನೇ ಕಾಸು ಕೊಟ್ಟು ಅಳಿಸಿಕೊಂಡವಳಿಗೆ ತೆಳುವಾದದ್ದು ಹೇಗೆ ತಿಳಿಯಬೇಕು.

ಲತೀಫಾ ಅಜ್ಜಿ ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದಳು. "ಹಿಟ್ಟು ಸುಟ್ಟದ ಬೇಟಿ. ಕಲ್ಲಿನ ಪುಡೀನೂ ಕೂಡೇದ. ಇದರಾಗ ರೊಟ್ಟಿ ಹೆಂಗ ಬಡೀಲಿ? ನಾ ಅಷ್ಟೊತ್ತಿಂದ ಕೈ ಮಾಡಾಕತ್ತೀನಿ, ನೀ ನನಗ ಟಾಟಾ ಮಾಡತಿ."

ಸವಿತಾ ಹೆಡ್‌ಫೋನು ಕಳಚಿ ಕೊರಳಿಗೆ ಇಳಿಸಿದಳು. ಮನೆಯ ಡಬ್ಬಿಯಲ್ಲಿದ್ದ ಹಿಟ್ಟನ್ನೆಲ್ಲ ತಂದು ಅಜ್ಜಿಯ ಬುಟ್ಟಿಗೆ ತುಂಬಿದಳು. "ತಪ್ಪಾತಜ್ಜಿ," ಎಂದಳು. ಅಜ್ಜಿ ಅವಳ ಗಲ್ಲಕ್ಕೆ ಮೆಲ್ಲಗೆ ಒಂದು ಏಟು ಕೊಟ್ಟು ಹೋದಳು.

ಗಂಟೆ ಮೂರೂವರೆ. ಸವಿತಾ ಹೆಡ್‌ಫೋನನ್ನು ಮೆತ್ತನೆ ಬಟ್ಟೆಯಿಂದ ಒರೆಸಿದಳು. ಡಬ್ಬಿಯಲ್ಲಿ ಅದಕ್ಕೆಂದೇ ಕೊರೆದ ಕುಳಿ ಇತ್ತು. ಅದರೊಳಗೆ ಇಡಲು ಹೋದರೆ ಕೈ ಬರಲಿಲ್ಲ.

"ಒಂದು ಸಲ ತಾ ಇಲ್ಲಿ," ಎಂದಳು ಆದೆಮ್ಮ. "ಮೂರು ಆಡು ತಲೀ ಮ್ಯಾಲೆ ಹೊತ್ರ ಹೆಂಗಿರತದ ನೋಡೂಣು."

ಸವಿತಾ ಅವ್ವನ ತಲೆಗೆ ಸೆರಗಿನ ಮೇಲೆಯೇ ಹೆಡ್‌ಫೋನ್ ಕೂರಿಸಿ, ಗುಂಡಿ ಅದುಮಿದಳು. ಹಾಡು ಹಚ್ಚಲಿಲ್ಲ. ಆದೆಮ್ಮ ಕಣ್ಣು ಮುಚ್ಚಿಕೊಂಡಳು.

"ಗಿರಣಿ ಬಂದ್ ಮಾಡವಾ. ನಡದಽ ಅದಲ್ಲ."

ಸವಿತಾ ಪಟ್ಟಾ ನೋಡಿದಳು. ಅದು ಒಂದು ತಾಸಿನಿಂದ ನಿಂತೇ ಇತ್ತು. ಅವಳು ಹೆಡ್‌ಫೋನನ್ನು ಒಂದು ಕಡೆ ಸರಿಸಿ ಹೇಳಿದಳು, "ಬಂದ್ ಅದವ್ವಾ. ಆಗಲೇ ನೀನಽ ಆರಿಸಿದಿ."

ಆದೆಮ್ಮ ಕಣ್ಣು ತೆರೆದು ಕಲ್ಲಿನ ಕಡೆ ನೋಡಿದಳು. ಎದ್ದು ಹೋಗಿ ಪಟ್ಟಾದ ಮೇಲೆ ಕೈಯಿಟ್ಟಳು.

"ಹಂಗಾದ್ರ ಈ ಸದ್ದು ನನ್ನ ಒಳಗಿಂದು," ಎಂದಳು, ಅಡುಗೆಯಲ್ಲಿ ಉಪ್ಪು ಕಮ್ಮಿಯಾಗಿದೆ ಅನ್ನುವಷ್ಟು ಸಲೀಸಾಗಿ. "ಮಾನ್ವಿಗೆ ಹೋದಾಗೂ ಬರತದ. ಮಕ್ಕೊಂಡಾಗೂ ಗುಂಯ್ ಅಂತದ. ಎಲ್ಲಾರಿಗೂ ಹಿಂಗಽ ಕೇಳತದ ಅಂತ ತಿಳಕೊಂಡಿದ್ದೆ."

"ಎಷ್ಟು ದಿನದಿಂದವ್ವಾ?"

"ನೀ ಹುಟ್ಟಿದ ವರ್ಷ ಇತ್ತೋ ಇಲ್ಲೋ, ನೆನಪಿಲ್ಲ."

ಸವಿತಾ ಅವ್ವನ ಕಿವಿಗಳನ್ನು ಮೊದಲ ಸಲ ನೋಡುವಂತೆ ನೋಡಿದಳು. ಓಲೆಯ ತೂತಿನ ಸುತ್ತ, ಸಣ್ಣ ಮಡಿಕೆಗಳಲ್ಲಿ, ಎಷ್ಟು ತೊಳೆದರೂ ಹೋಗದ ಬಿಳಿ ಹಿಟ್ಟು. ಇಪ್ಪತ್ತೆಂಟು ಸಾವಿರದ ಯಂತ್ರ ಇಡೀ ಗಿರಣಿಯನ್ನು ನುಂಗಬಲ್ಲದು. ಅವ್ವನ ತಲೆಯೊಳಗಿನ ಈ ಒಂದು ಗಿರಣಿಯನ್ನು ಮಾತ್ರ ಮುಟ್ಟಲಾರದು.

"ನಾ ಕೊಟ್ಟು ಬರತೀನಿ ತಗೋ," ಎಂದಳು. "ಬಸ್ಸಿನ ಹೊತ್ತಾತು. ಆ ರೊಕ್ಕದಾಗ ನಿನ್ನ ಕಿವಿ ಡಾಕ್ಟರಿಗೆ ತೋರಿಸೂಣು."

"ತೋರಸೂಣಂತ. ನನ್ನ ಕಿವಿಗೆ ನನ್ನ ರೊಕ್ಕ ಅದ." ಆದೆಮ್ಮ ಹೆಡ್‌ಫೋನ್ ತೆಗೆದು, ಮಗಳ ತಲೆಗೆ ಹಾಕಿ, ದುಪಟ್ಟಾವನ್ನು ತಾನೇ ಸುತ್ತಿದಳು. "ಇದನ್ನ ಕೊಡಬ್ಯಾಡ. ನಿನ್ನ ಕಿವಿ ಇನ್ನಾ ಖಾಲಿ ಅದಾವ. ಖಾಲಿನಽ ಇರಲಿ."

"ಮತ್ತ ಕಾಳು ತೀರಿದ್ದು ಹೆಂಗ ಗೊತ್ತಾಗಬೇಕು?"

ಹೊರಗೆ ನಾಲ್ಕರ ಬಸ್ಸು ಹಾರ್ನ್ ಹೊಡೆದು ತಿರುವಿನಲ್ಲಿ ಹೋಯಿತು. ಆದೆಮ್ಮ ಕಲ್ಲನ್ನು ಬಿಚ್ಚಿ ಒರೆಸಿ ಕೂರಿಸಿದಳು, ಮನೆಯ ಜೋಳ ಒಂದು ಬುಟ್ಟಿ ಸುರಿದಳು, ಸ್ವಿಚ್ ಒತ್ತಿದಳು. ಸವಿತಾಳ ಬಲಗೈ ಹಿಡಿದು, ಅಂಗೈಯನ್ನು ತಗಡಿನ ಪೆಟ್ಟಿಗೆಯ ಹೊಟ್ಟೆಗೆ ಒತ್ತಿದಳು.

ಸದ್ದಿಲ್ಲದ ಗಿರಣಿಯಲ್ಲಿ ಅಂಗೈಯೊಂದು ಎಚ್ಚರವಾಯಿತು. ತಗಡಿನಾಚೆ ಸಾವಿರ ಕಾಳು ಒಂದನ್ನೊಂದು ತಳ್ಳುತ್ತಾ ಇಳಿಯುತ್ತಿದ್ದವು, ದಪ್ಪಗೆ, ನಿದ್ದೆಯಲ್ಲಿರುವ ಎಮ್ಮೆಯ ಪಕ್ಕೆಯಂತೆ. ಅವಳು ಹಾಡು ಹಚ್ಚದೆ ಕಣ್ಣು ಮುಚ್ಚಿಕೊಂಡಳು. ಬಹಳ ಹೊತ್ತಿನ ಮೇಲೆ ಆ ದಪ್ಪ ನಡುಕ ತೆಳುವಾಗಿ, ಮಳೆ ನಿಲ್ಲುವ ಮುಂಚಿನ ಹನಿಗಳಂತೆ ಬಿಡಿಬಿಡಿಯಾಯಿತು. ಅವಳು ಕಣ್ಣು ತೆರೆಯದೆಯೇ ಎಡಗೈ ಚಾಚಿ ಸ್ವಿಚ್ ಆರಿಸಿದಳು.

ಪೆಟ್ಟಿಗೆಯ ತಳದಲ್ಲಿ ಇನ್ನೂ ಒಂದು ಹಿಡಿ ಜೋಳ ಉಳಿದಿತ್ತು.