ಎರಡು ಪಟ್ಟಿಗಳ ನಡುವೆ

ಮಾರ್ಚ್ ಹದಿನೇಳು, ಸಂಜೆ ಆರು ಗಂಟೆ ನಲವತ್ತು ನಿಮಿಷ, ಹೀಟ್ ಪ್ರೆಸ್ಸಿನ ಕೆಂಪು ಅಂಕಿ ನೂರ ನಲವತ್ತೊಂಬತ್ತರಲ್ಲಿ ನಿಂತು ನೂರೈವತ್ತಕ್ಕೆ ಹೋಗಲೋ ಬೇಡವೋ ಎಂದು ಅನುಮಾನಿಸುತ್ತಿದೆ, ಇನ್ನೊಂದು ಡಿಗ್ರಿ, ಆಮೇಲೆ ಬೀಪ್ ಅನ್ನುತ್ತದೆ, ಅಂದಮೇಲೆ ಅವಳು ಹಿಡಿ ಎಳೆಯಬೇಕು, ಬಿಸಿ ಹಲಗೆ ಕೆಳಗಿಳಿಯಬೇಕು — ಕಾದ ರಬ್ಬರಿನ ಈ ವಾಸನೆ ಕೂದಲಿಗೆ ಅಂಟಿಕೊಂಡರೆ ಎರಡು ಸಲ ತೊಳೆದರೂ ಹೋಗುವುದಿಲ್ಲ, ಅಕ್ಕ ಮೂಸಿ ನೋಡಿ ಹೇಳುತ್ತಿದ್ದಳು, ನಿನ್ ತಲೇಲಿ ಯಾರೋ ಟೈರ್ ಸುಟ್ಟಿದಾರೆ ಕಣೇ, ಅಕ್ಕನ ಕೂದಲಿಗೆ ಡಾಂಬರಿನ ವಾಸನೆ, ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದರೆ ಕೋಣೆಯೊಳಗೆ ಹೊಸ ರಸ್ತೆ ಹಾಕಿದ ಹಾಗೆ, ನಗು ಬಂದರೆ ನಿಲ್ಲುತ್ತಿರಲಿಲ್ಲ, ಈಗ ಆ ಹಾಸಿಗೆಯ ಅರ್ಧ ಭಾಗಕ್ಕೆ ಯಾವ ವಾಸನೆಯೂ ಇಲ್ಲ. ಹಲಗೆಯ ಮೇಲೆ ಕಿತ್ತಳೆ ಬಣ್ಣದ ರಿಫ್ಲೆಕ್ಟರ್ ಜಾಕೆಟ್ಟು ಬೋರಲಾಗಿ ಮಲಗಿದೆ, ತೋಳಿಲ್ಲ, ತಲೆಯಿಲ್ಲ, ಬರೀ ಬೆನ್ನು. ಭುಜದಿಂದ ಸೊಂಟದವರೆಗೆ ಇಳಿದ ಎರಡು ಬೂದು ಪಟ್ಟಿ, ಎರಡನ್ನೂ ನಡುಬೆನ್ನಿನಲ್ಲಿ ಸೇರಿಸುವ ಒಂದು ಅಡ್ಡ ಪಟ್ಟಿ, ಒಂದೇ ಮೆಟ್ಟಿಲಿರುವ ಏಣಿ. ಆ ಮೆಟ್ಟಿಲಿನ ಮೇಲೆಯೇ ಈಗ ಕಪ್ಪು ಸ್ಟಿಕ್ಕರು ಕೂರಿಸಿದ್ದಾಳೆ, ರಸ್ತೆ ಕಂಪನಿಯ ಹೆಸರು, ಹೆಸರಿನ ಸುತ್ತ ದಪ್ಪ ಚೌಕ. ಕೂರಿಸಿದ್ದು ಅವಳೇ, ಜಾಗ ತೋರಿಸಿದ್ದು ಅಂಗಡಿ ನಡೆಸುವ ಮಾಮ. ಕುತ್ತಿಗೆಯಿಂದ ನಾಲ್ಕು ಬೆರಳು ಬಿಡು, ಅಲ್ಲಿಂದ ನಡುಬೆನ್ನಿನವರೆಗೆ ಲೋಗೋ, ಮಾಮನ ಲೆಕ್ಕ ಯಾವತ್ತಿಗೂ ಅದೇ, ಕ್ರಿಕೆಟ್ ತಂಡದ ಟೀ ಶರ್ಟಿಗೂ ನಾಲ್ಕು ಬೆರಳು, ಕಾಲೇಜು ಹುಡುಗರ ಟೀ ಶರ್ಟಿಗೂ ನಾಲ್ಕು ಬೆರಳು, ಟೀ ಶರ್ಟಿನ ಬೆನ್ನಲ್ಲಿ ಮುಚ್ಚಿಹೋಗಲು ಏನಿರುತ್ತದೆ, ಬರೀ ಬಟ್ಟೆ. ಅದೇ ಕೈ, ಅದೇ ಅಭ್ಯಾಸ, ಜಾಕೆಟ್ಟಿಗೂ ಹಾಗೇ ನಡೆದುಬಿಡುತ್ತದೆ, ಯಾವ ಊರಿನ ಯಾವ ಅಂಗಡಿಯಲ್ಲಾದರೂ ಹೀಗೇ ಇರಬೇಕು, ನಾಲ್ಕು ಬೆರಳಿಟ್ಟು ಯಾರೋ ಒಬ್ಬರು ಅಕ್ಕನ ಬೆನ್ನಿನ ಮೇಲೂ — ಬೇಡ. ಬೆಳಿಗ್ಗೆ ಕಂಪನಿಯ ಸುರಕ್ಷತಾ ಅಧಿಕಾರಿ ಬಂದು ಲೋಗೋ ಒತ್ತಿಟ್ಟಿದ್ದ ಮಾದರಿ ಜಾಕೆಟ್ಟನ್ನು ಎತ್ತಿ ಹಿಡಿದು ತಲೆ ಓರೆ ಮಾಡಿ ನೋಡಿದ್ದರು, ಇನ್ನೂ ದೊಡ್ಡದು ಮಾಡ್ಬಹುದಿತ್ತೇನೋ ಯಜಮಾನ್ರೇ, ಸೇತುವೆ ಉದ್ಘಾಟನೆ, ಡ್ರೋನ್‌ನಲ್ಲಿ ಮೇಲಿಂದ ಫೋಟೋ ತೆಗೀತಾರೆ, ನಮ್ ಹೆಸರು ಕಾಣ್ಬೇಕು ಅಷ್ಟೇ, ಜನ ಕಾಣದಿದ್ರೂ ಪರ್ವಾಗಿಲ್ಲ, ಹೇಳಿ ತಾವೇ ನಕ್ಕರು, ಗಿರಾಕಿ ನಕ್ಕರೆ ಮಾಮ ನಗದೆ ಇರುತ್ತಾರೆಯೇ, ಹೊಟ್ಟೆ ಕುಣಿಸಿ ನಕ್ಕರು. ಅವಳು ಮಾತ್ರ ನಗಲಿಲ್ಲ, ಯಾಕೆ ನಗಲಿಲ್ಲ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ, ಮಾದರಿಯನ್ನು ಒಯ್ದು ಅಂಗಡಿಯ ಹಿಂಗೋಡೆಯ ಮೊಳೆಗೆ ತೂಗುಹಾಕಿದಳು, ಅಲ್ಲಿಯ ಟ್ಯೂಬ್‌ಲೈಟು ಮಿಟುಕಿ ಮಿಟುಕಿ ಸತ್ತು ವಾರವಾಯಿತು, ಕತ್ತಲೆಯಲ್ಲಿರಲಿ, ಕಣ್ಣಿಗೆ ಬೀಳದಿರಲಿ. ಬೀಪ್. ಹಿಡಿಗೆ ಕೈ ಹಾಕಿದಳು. ಹೊರಗೆ ಹಾರ್ನು. ಮೇಷ್ಟ್ರಮ್ಮಾ, ಮಾಮ ಕರೆಯುವುದು ಹಾಗೆಯೇ, ಭೌತಶಾಸ್ತ್ರ ಓದಿದ ತಪ್ಪಿಗೆ, ಮೇಷ್ಟ್ರಮ್ಮಾ, ಜಾಕೆಟ್ ಒಯ್ಯೋ ವ್ಯಾನ್ ಬಂತು, ಗೇಟ್ ತೆಗಿ, ಬಂದು ಒತ್ತುವಿಯಂತೆ, ಅವನು ಕಾಯ್ಲಿ.

ಗೇಟಿನ ಕಬ್ಬಿಣ ಇನ್ನೂ ಬಿಸಿಲಿನ ಶಾಖ ಹಿಡಿದುಕೊಂಡಿದೆ, ಆಕಾಶ ಮಾತ್ರ ಬೂದಿ, ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತು, ಅಕ್ಕ ಹೇಳುತ್ತಿದ್ದ ಕೆಟ್ಟ ಹೊತ್ತು, ಈ ಹೊತ್ನಲ್ಲಿ ಡ್ರೈವರ್‌ಗಳಿಗೆ ಕಣ್ಣೇ ಇರಲ್ಲ ಕಣೇ, ಅಕ್ಕನ ಕೆಲಸ ರಸ್ತೆ ರಿಪೇರಿಯ ಕಡೆ ಬೋರ್ಡು ಹಿಡಿದು ನಿಲ್ಲುವುದು, ಬೋರ್ಡಿನ ಒಂದು ಬದಿಯಲ್ಲಿ ನಿಲ್ಲಿ ಎಂದು, ತಿರುಗಿಸಿದರೆ ಹೋಗಿ ಎಂದು, ದೊಡ್ಡ ದೊಡ್ಡ ಲಾರಿಗಳು ನನ್ ಮಾತು ಕೇಳ್ತವೆ, ನಿನ್ ಮಾತು ಯಾರ್ ಕೇಳ್ತಾರೆ, ನೀನು ಬೆಳಕಿನ ಬಗ್ಗೆ ಓದಿದವಳು, ನಾನು ಬೆಳಕು ತೊಟ್ಕೊಳ್ಳೋಳು. ಓದಿದ್ದು ನಿಜ. ಬೂದು ಪಟ್ಟಿಯ ತುಂಬ ಗಾಜಿನ ಮಣಿಗಳು, ಕೂದಲೆಳೆಗಿಂತ ಸಣ್ಣವು, ಒಳಗೆ ಬಂದ ಬೆಳಕನ್ನು ಅವು ಅಕ್ಕಪಕ್ಕ ಚೆಲ್ಲುವುದಿಲ್ಲ, ಬಂದ ದಾರಿಯಲ್ಲೇ ವಾಪಸು ಕಳಿಸುತ್ತವೆ, ಆದ್ದರಿಂದ ದೀಪದ ಹತ್ತಿರ ಇರುವವನಿಗೆ ಮಾತ್ರ ಪಟ್ಟಿ ಉರಿಯುತ್ತದೆ, ದಾರಿಬದಿಯವರಿಗೆ ಬರೀ ಬೂದು. ಅವಳು ಇಷ್ಟು ದಿನ ದಾರಿಬದಿಯವಳೇ. ವ್ಯಾನು ಅವಳ ಪಕ್ಕಕ್ಕೆ ಬಂದು ನಿಂತಿತು, ಡ್ರೈವರು ಕಿಟಕಿಯಿಂದ ತಲೆ ಹಾಕಿ, ಏನಕ್ಕಾ, ಒಳಗ್ ಬರ್ಲಾ, ಹಿಂದಕ್ ಹಾಕ್ಲಾ, ಅವಳು ಉತ್ತರ ಕೊಡಲು ಕಿಟಕಿಗೆ ಬಗ್ಗಿದಳು, ತಲೆಯೆತ್ತಿ ಅವನು ನೋಡುತ್ತಿದ್ದ ಕಡೆಗೇ ನೋಡಿದಳು, ಹೆಡ್‌ಲೈಟು ಅಂಗಡಿಯ ಬಾಗಿಲು ದಾಟಿ, ಮೇಜು ದಾಟಿ, ಹಿಂಗೋಡೆಯ ಕತ್ತಲೆಗೆ ಹೋಗಿ ಬಿದ್ದಿದೆ, ಅಲ್ಲಿ ಜಾಕೆಟ್ಟು ಇಲ್ಲ. ಎರಡು ಕಂಬ. ಬೆಳ್ಳಗೆ, ನೆಟ್ಟಗೆ, ಪಕ್ಕಪಕ್ಕ ಎರಡು ಕಂಬ, ನಡುವೆ ಕಪ್ಪು. ಅಕ್ಕಾ ಅಂತೀನಿ, ಡ್ರೈವರು ಮತ್ತೆ ಕೇಳುತ್ತಿದ್ದಾನೆ, ಅವಳಿಗೆ ಕೇಳಿಸುತ್ತಿರುವುದು ಬೇರೆ ಡ್ರೈವರು, ಅಕ್ಕನ ಮೇಲೆ ಲಾರಿ ಹತ್ತಿಸಿದವನು, ಬಡಕಲು ಮನುಷ್ಯ, ಕೋರ್ಟಿನ ಮೆಟ್ಟಿಲ ಬಳಿ ಪೊಲೀಸನ ಪಕ್ಕ ನಿಂತು ಕೈ ಮುಗಿದವನು, ತಾಯೀ, ನಿಮ್ಮಾಣೆ, ಮನುಷ್ಯರು ಕಾಣ್ಲೇ ಇಲ್ಲ, ದೂರದಲ್ಲಿ ಎರಡು ಕಂಬ ಕಾಣ್ತು, ನಡುವೆ ದಾರಿ ಇದೆ ಅಂದ್ಕೊಂಡೆ, ಇನ್ನೂ ದೂರ ಇದೆ ಅಂದ್ಕೊಂಡೆ. ಸುಳ್ಳ, ಎಂದಿದ್ದಳು ಅವಳು, ಹೆಂಗಸಿನ ಬೆನ್ನಿನಲ್ಲಿ ಲಾರಿ ಹೋಗುವಷ್ಟು ದಾರಿ ಎಲ್ಲಿಂದ ಬರುತ್ತೆ, ಕುಡಿದಿದ್ದೆ ಅಂತ ಹೇಳು, ನಿದ್ದೆ ಬಂತು ಅಂತ ಹೇಳು, ಕಂಬ ಅನ್ನಬೇಡ. ಅವನು ಕಂಬ ಎಂದೇ ಹೇಳುತ್ತಾ ಹೋದ. ರೋಲರಿನವನಿಗೆ ಏನೋ ಕೂಗಿ ಹೇಳಲು ಅಕ್ಕ ತಿರುಗಿದ್ದಳಂತೆ, ಬೆನ್ನು ಲಾರಿಯ ಕಡೆ, ಏನು ಕೂಗಿದಳೋ, ರೋಲರಿನವನಿಗೆ ಕೇಳಿಸಲೇ ಇಲ್ಲವಂತೆ, ಎರಡು ವರ್ಷದಿಂದ ಅವಳು ಆ ಮಾತನ್ನು ಊಹಿಸುತ್ತಿದ್ದಾಳೆ, ಟೀ ತರ್ಸೋ ಎಂದಿರಬಹುದು, ಸಾಕು ನಿಲ್ಸೋ ಎಂದಿರಬಹುದು, ಎರಡು ಕಂಬಗಳ ನಡುವಿನ ಕಪ್ಪಿನಿಂದ ಬಾಯಿ ತೆರೆದು ಅಕ್ಕ ಏನೋ ಹೇಳುತ್ತಿದ್ದಾಳೆ, ಧ್ವನಿ ಇಲ್ಲ.

ಲೈಟ್ ಆರಿಸ್ಬೇಡಿ, ವ್ಯಾನಿನವನಿಗೆ ಹೇಳಿ ಒಳಗೆ ಓಡಿದಳು, ಒಳಗೆ ಹೋದಂತೆ ಕಂಬಗಳು ಮಂಕಾದವು, ಬೂದಾದವು, ಮೊಳೆಯಲ್ಲಿ ಮತ್ತೆ ಜಾಕೆಟ್ಟು, ಮುಟ್ಟಿದರೆ ಬರೀ ಪಾಲಿಯೆಸ್ಟರು. ಏನಾಯ್ತೇ, ಮಾಮ ಕೇಳುತ್ತಾರೆ, ಪ್ರೆಸ್ಸು ಬೀಪ್ ಬೀಪ್ ಅಂತ ಬಡ್ಕೊಳ್ತಿದೆ, ಒತ್ತು. ಒತ್ತಲ್ಲ ಮಾಮ. ಏನು? ಅಡ್ಡ ಪಟ್ಟಿ ಮುಚ್ಚಿದ್ರೆ ಮನುಷ್ಯ ಕಾಣಲ್ಲ, ಲೋಗೋ ಚಿಕ್ಕದು ಮಾಡಿ ಪಟ್ಟಿಯ ಮೇಲೆ ಹಾಕ್ದೆ ಮೇಲ್ಗಡೆ ಹಾಕೋಣ. ಹೋಗೇ, ಒಂದ್ ಮುಚ್ಚಿದ್ರೆ ಏನಾಯ್ತು, ಇನ್ನೆರಡು ಇದಾವಲ್ಲ. ಎರಡು ಇರೋದೇ ಕಷ್ಟ ಮಾಮ. ಅವರೇ ಒಪ್ಪಿದಾರೆ, ಸುರಕ್ಷತಾ ಅಧಿಕಾರಿ ಅವರು, ನೀನಲ್ಲ, ಈ ಗಿರಾಕಿ ಕೈಬಿಟ್ರೆ ಬಾಗ್ಲು ಹಾಕ್ಕೊಂಡ್ ಹೋಗ್ಬೇಕು ನಾವಿಬ್ರೂ, ನೋಡು, ನಿನ್ನ ಮನಸ್ಸು ನಂಗೆ ಗೊತ್ತು, ಅವಳನ್ನ ಎತ್ತಿ ಆಡ್ಸಿದ ಕೈ ಇದು, ಆದ್ರೆ ಎಲ್ಲದಕ್ಕೂ ಅವಳನ್ನ ತರ್ಬೇಡ. ನಾನು ತರ್ತಿಲ್ಲ ಮಾಮ, ಅವಳೇ ಬಂದು ನಿಂತಿದಾಳೆ. ಎಲ್ಲಿ? ವ್ಯಾನಿನ ಹತ್ರ ಹೋಗಿ ನೋಡಿ. ಮಾಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವಳನ್ನು ನೋಡಿದರು, ಹುಚ್ಚು ಹಿಡೀತೇನೋ ಎಂಬ ಹಾಗೆ, ಆಮೇಲೆ ವ್ಯಾನಿನವನಿಗೆ ಬೈಯುವ ನೆಪದಲ್ಲಿ ಹೊರಗೆ ಹೋದರು, ಚಪ್ಪಲಿಯ ಸಪ್ಪಳ ಗೇಟಿನವರೆಗೆ ಕೇಳಿಸಿತು, ಬೈಗುಳ ಕೇಳಿಸಲಿಲ್ಲ. ಬಂದಾಗ ಅವಳ ಮುಖ ನೋಡಲಿಲ್ಲ, ನೇರ ಗೋಡೆಗೆ ಹೋಗಿ ಪ್ರೆಸ್ಸಿನ ಸ್ವಿಚ್ಚು ಆರಿಸಿದರು, ಬೀಪ್ ಸತ್ತಿತು. ಕಂಪನಿಯವ್ರಿಗೆ ಏನ್ ಹೇಳ್ಲಿ, ಸಣ್ಣ ಧ್ವನಿ. ಇದ್ದದ್ದೇ ಹೇಳಿ. ಕೇಳದಿದ್ರೆ? ಬೇರೆ ಅಂಗಡಿಗೆ ಹೋಗಿ ಒತ್ತಿಸ್ಕೊಳ್ತಾರೆ ಅಷ್ಟೇ, ಎಂದು ಮಾಮ ತಮಗೆ ತಾವೇ ಹೇಳಿಕೊಂಡು ಫೋನು ಹಿಡಿದು ಹೊಸ್ತಿಲ ಮೇಲೆ ಕೂತರು, ಒತ್ತಿಸಿಕೊಳ್ಳುತ್ತಾರೆ, ನಾಲ್ಕು ಬೆರಳಿಟ್ಟು ಒತ್ತಿಕೊಡುವವರಿಗೇನು ಬರ, ಇರಲಿ, ಇಲ್ಲಿ ಒತ್ತುವುದಿಲ್ಲ, ಇಲ್ಲಿ ಇಲ್ಲ. ಹಲಗೆಯ ಮೇಲಿನ ಜಾಕೆಟ್ಟಿನಿಂದ ಕಪ್ಪು ಸ್ಟಿಕ್ಕರನ್ನು ಎತ್ತಿದಳು, ಇನ್ನೂ ಅಂಟಿರಲಿಲ್ಲ, ಸುಲಭವಾಗಿ ಬಂತು. ಕೆಳಗೆ ಅಡ್ಡ ಪಟ್ಟಿ. ಒಂದು ಮೆಟ್ಟಿಲು. ಒಂದು ಮೆಟ್ಟಿಲಿದ್ದರೆ ಅದು ಬೆನ್ನು, ಇಲ್ಲದಿದ್ದರೆ ಕಂಬ. ಆದರೆ ದೂರ, ದೂರ ಯಾಕೆ ಅಂದ ಆ ಲಾರಿಯವನು, ಮೂವತ್ತು ಮೀಟರು ಕೂಡ ಇರಲಿಲ್ಲವಂತೆ ಅವನು ನೋಡಿದಾಗ, ದೂರ ಎಂದದ್ದು ಸುಳ್ಳೇ ಇರಬೇಕಲ್ಲ, ಇರಲಿ, ಅದೊಂದಾದರೂ ಸುಳ್ಳಾಗಿರಲಿ — ಕತ್ತಲೆಯಲ್ಲಿ ಕಣ್ಣಿಗೆ ಸಿಗುವುದು ಕೋನ ಒಂದೇ, ಇದು ಪಿಯುಸಿಯ ಪಾಠ, ಹತ್ತಿರದ ಸಣ್ಣದೂ ದೂರದ ದೊಡ್ಡದೂ ಒಂದೇ ಕೋನ, ಮೂವತ್ತು ಮೀಟರಿನಲ್ಲಿ ಇರುವ ಕಿರಿದಾದ ಸಂದು ಮುನ್ನೂರು ಮೀಟರಿನಲ್ಲಿ ಇರುವ ಹತ್ತು ಪಟ್ಟು ಅಗಲದ ದಾರಿಯ ಹಾಗೆಯೇ ಕಾಣುತ್ತದೆ, ಲಾರಿಯ ಅಗಲ ಎರಡೂವರೆ ಮೀಟರು, ಅದರ ಹತ್ತನೇ ಒಂದು ಪಾಲು ಇಪ್ಪತ್ತೈದು ಸೆಂಟಿಮೀಟರು, ಅಷ್ಟಕ್ಕಿಂತ ಕಡಿಮೆ ಇದ್ದರೆ ಅವನು ಸುಳ್ಳ, ದಾರಿ ಸಾಲುತ್ತಿರಲಿಲ್ಲ, ಬ್ರೇಕು ಹಾಕಲೇಬೇಕಿತ್ತು, ಕಡಿಮೆ ಇರಲಿ, ದೇವರೇ, ಒಂದಿಷ್ಟು ಕಡಿಮೆ ಇರಲಿ. ಅಕ್ಕನದೂ ಇದೇ ಹೊಲಿಗೆ, ಇದೇ ಸೈಜು, ಅಡ್ಡ ಪಟ್ಟಿಯ ಮೇಲೆ ಇಂಥದೇ ಕಪ್ಪು ಚೌಕ. ಟೇಪು ಎಲ್ಲಿ, ಕೊರಳಲ್ಲೇ ಇದೆ. ಎಡ ಪಟ್ಟಿಯ ಒಳ ಅಂಚಿಗೆ ಸೊನ್ನೆ ಇಟ್ಟು ಹೆಬ್ಬೆರಳಿನಿಂದ ಒತ್ತಿದಳು, ಟೇಪನ್ನು ಬೆನ್ನ ಮೇಲೆ ಎಳೆದಳು, ಅಂಕಿ ನೋಡಿದಳು, ಮತ್ತೆ ಎಳೆದಳು, ಮತ್ತೆ ಅದೇ ಅಂಕಿ, ಕಣ್ಣು ಮುಚ್ಚಿದರೆ ಎರಡು ಕಂಬ, ತೆರೆದರೆ ಎರಡು ಕಂಬ, ನಡುವೆ ದಾರಿ, ದಾರಿಯ ಅಗಲ ಇಪ್ಪತ್ತಾರು ಸೆಂಟಿಮೀಟರು.